ಕೆಲಸ ಹೋಯಿತು ಸರಿ, ಯಾವ ಪದದಲ್ಲಿ ಹೋಯಿತು?

ಸಂಜೆ ಪಾಳಿ ಬಿಟ್ಟ ಹೊತ್ತಿಗೆ ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಿಂದ ಹೊರಡುವ ಬಸ್ಸುಗಳಲ್ಲಿ, ಹೊಸಕೋಟೆಯ ಪಿಲ್ಲಗುಂಪೆಯ ಟೀ ಅಂಗಡಿಗಳ ಮುಂದೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಹೆದ್ದಾರಿ ಬದಿಯಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಒಂದು ಸಂಗತಿ ಗೊತ್ತಾಗುತ್ತದೆ. ಕೆಲಸ ಕಳೆದುಕೊಂಡವರ ಸುದ್ದಿ ಹೇಳಲು ಕನ್ನಡದಲ್ಲಿ ಮಾತಿಗೇನೂ ಬಡತನವಿಲ್ಲ. ‘ತೆಗೆದುಬಿಟ್ರು’, ‘ಬಿಡಿಸಿಬಿಟ್ರು’, ‘ಮನೆಗೆ ಕಳಿಸಿದ್ರು’, ‘ಗೇಟ್‌ಪಾಸ್ ಕೊಟ್ರು’, ‘ಲೆಕ್ಕ ಚುಕ್ತಾ ಮಾಡಿ ಕೈತೊಳ್ಕೊಂಡ್ರು’, ‘ನಾಳೆಯಿಂದ ಬರಬೇಡ ಅಂದ್ರು’. ಒಂದೊಂದರಲ್ಲೂ ಒಂದೊಂದು ಬಗೆಯ ಸಂಕಟ, ಸಿಟ್ಟು, ವ್ಯಂಗ್ಯ. ಆದರೆ ಅರ್ಥ ಮಾತ್ರ ಒಂದೇ: ನಿನ್ನೆ ಇದ್ದ ಕೆಲಸ ಇಂದು ಇಲ್ಲ.

ಅದೇ ವೇಳೆಗೆ ಆ ಕಾರ್ಮಿಕರ ಕೈಯಲ್ಲಿರುವ ಇಂಗ್ಲಿಷ್ ಕಾಗದ ಇಷ್ಟು ಸರಳವಾಗಿರುವುದಿಲ್ಲ. ಅದರಲ್ಲಿ ಇರುವುದು ಡಿಸ್‌ಮಿಸಲ್ ಆಗಿರಬಹುದು, ಡಿಸ್ಚಾರ್ಜ್ ಆಗಿರಬಹುದು, ರಿಟ್ರೆಂಚ್‌ಮೆಂಟ್, ಟರ್ಮಿನೇಷನ್, ಲೇ ಆಫ್ ಯಾವುದೂ ಆಗಿರಬಹುದು. ಓದಲು ಬಾರದ ತಂದೆ ತಾಯಿಗೆ ಮಗ ಆ ಕಾಗದವನ್ನು ವಿವರಿಸುವಾಗ ಎಲ್ಲವೂ ‘ತೆಗೆದುಬಿಟ್ಟಿದ್ದಾರೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ದಿನಪತ್ರಿಕೆಯ ವರದಿಯಲ್ಲಾದರೆ ‘ವಜಾ’ ಎಂಬ ಎರಡಕ್ಷರದಲ್ಲಿ ಮುಗಿಯುತ್ತದೆ. ಕಾನೂನಿನ ಮುಂದೆ ಮಾತ್ರ ಈ ಐದೂ ಪದಗಳು ಬೇರೆ ಬೇರೆ. ಒಂದೊಂದಕ್ಕೂ ಬೇರೆ ಬೇರೆ ಮೊತ್ತದ ಹಣ ಅಂಟಿಕೊಂಡಿದೆ.

1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1965ರಲ್ಲಿ 2ಎ ಎಂಬ ಕಲಮನ್ನು ಸೇರಿಸಲಾಯಿತು. ಅಲ್ಲಿಯವರೆಗೆ ಒಬ್ಬ ಕಾರ್ಮಿಕನ ಕೆಲಸ ಹೋದರೆ ಅದು ಕೈಗಾರಿಕಾ ವಿವಾದವಾಗಲು ಸಂಘ ಅಥವಾ ಸಹೋದ್ಯೋಗಿಗಳು ಬೆನ್ನಿಗೆ ನಿಲ್ಲಬೇಕಾಗಿತ್ತು. ಹೊಸ ಕಲಮು ಬಂದ ಮೇಲೆ ಒಂಟಿ ಕಾರ್ಮಿಕನ ದೂರೂ ವಿವಾದವೆನಿಸಿತು. ಆ ಕಲಮಿನ ಇಂಗ್ಲಿಷ್ ಪಾಠದಲ್ಲಿ, ಕೆಲಸದಿಂದ ಕಳಿಸುವುದಕ್ಕೆ ಒಂದೇ ಉಸಿರಿನಲ್ಲಿ ನಾಲ್ಕು ಕ್ರಿಯಾಪದಗಳಿವೆ: ಡಿಸ್ಚಾರ್ಜ್ ಮಾಡುವುದು, ಡಿಸ್‌ಮಿಸ್ ಮಾಡುವುದು, ರಿಟ್ರೆಂಚ್ ಮಾಡುವುದು, ಮತ್ತೆ ಇನ್ನಾವುದೇ ರೀತಿಯಲ್ಲಿ ಟರ್ಮಿನೇಟ್ ಮಾಡುವುದು. ಇದನ್ನು ಕನ್ನಡಕ್ಕೆ ತಿರುಗಿಸಲು ಕೂತವರ ಪಾಡನ್ನು ಊಹಿಸಬಹುದು. ನಾಲ್ಕನ್ನೂ ‘ತೆಗೆದುಹಾಕು’ ಎಂದರೆ ಕಾನೂನು ಹೋಯಿತು. ನಾಲ್ಕಕ್ಕೂ ನಾಲ್ಕು ಸಂಸ್ಕೃತ ಪದ ಕಟ್ಟಿದರೆ ಓದುಗ ಹೋದ.

ವಜಾ ಎಂಬ ಕಳೆಯುವ ಲೆಕ್ಕ

ಮೊದಲು ‘ವಜಾ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಇದು ಅಚ್ಚಗನ್ನಡವಲ್ಲ, ಸಂಸ್ಕೃತವೂ ಅಲ್ಲ. ಮೂಲ ಅರಬ್ಬಿ, ಅಲ್ಲಿ ಅದಕ್ಕೆ ‘ಕೆಳಗಿಡುವುದು’ ಎಂಬ ಅರ್ಥ. ಪಾರಸಿಯ ಕಚೇರಿ ಭಾಷೆಯ ಮೂಲಕ ಹಾದುಬರುವಷ್ಟರಲ್ಲಿ ಅದು ಲೆಕ್ಕದ ಪದವಾಗಿತ್ತು. ಮರಾಠಿ ಶಾಲೆಗಳಲ್ಲಿ ಇಂದಿಗೂ ಹತ್ತರಲ್ಲಿ ಮೂರು ‘ವಜಾ’ ಮಾಡಿದರೆ ಏಳು ಎಂದೇ ಹೇಳಿಕೊಡುತ್ತಾರೆ. ಕನ್ನಡದ ಮಕ್ಕಳ ‘ಕಳೆಯುವ ಲೆಕ್ಕ’ ಅಲ್ಲಿ ‘ವಜಾಬಾಕಿ’. ಕನ್ನಡದಲ್ಲೂ ಮಂಡಿ ವ್ಯಾಪಾರಸ್ಥರು ರೈತನ ಬಾಕಿಯಲ್ಲಿ ಹಮಾಲಿ, ಮುಂಗಡ ‘ವಜಾ ಮಾಡಿಕೊಂಡು’ ಉಳಿದದ್ದನ್ನು ಎಣಿಸಿ ಕೊಡುತ್ತಾರೆ. ಅಂದಮೇಲೆ ಕೆಲಸದಿಂದ ವಜಾ ಆದವನು ಅಕ್ಷರಶಃ ಲೆಕ್ಕದಿಂದ ಕಳೆಯಲ್ಪಟ್ಟವನು! ಇಂಗ್ಲಿಷಿನ ಡಿಸ್‌ಮಿಸ್ ಎಂಬ ಪದಕ್ಕೆ ಲ್ಯಾಟಿನ್ ಮೂಲದಲ್ಲಿ ‘ಬೇರೆಡೆಗೆ ಕಳಿಸು’ ಎಂಬರ್ಥ. ಇಂಗ್ಲಿಷಿನವರು ಕಳಿಸುತ್ತಾರೆ, ಕನ್ನಡದವರು ಕಳೆಯುತ್ತಾರೆ.

ಈ ಪದ ನ್ಯಾಯಾಲಯಕ್ಕೂ ಹೋಗಿದೆ. ಅರ್ಜಿ ತಿರಸ್ಕೃತವಾದರೂ ವಜಾ, ನೌಕರ ಹೋದರೂ ವಜಾ. ಹೀಗಾಗಿ ‘ವಜಾ ಆದೇಶದ ವಿರುದ್ಧ ಸಲ್ಲಿಸಿದ್ದ ಅರ್ಜಿ ವಜಾ’ ಎಂಬಂಥ ವಾಕ್ಯ ಬರೆಯಲು ಕನ್ನಡದಲ್ಲಿ ಸಾಧ್ಯ. ಎರಡು ವಜಾ ಸೇರಿದರೆ ಗಣಿತದಲ್ಲಾದರೂ ಧನ ಚಿಹ್ನೆ ಬರುತ್ತದೆ. ಇಲ್ಲಿ ಅದೂ ಇಲ್ಲ.

ಬೆಂಗಳೂರಿನ ಸುತ್ತಣ ಈ ತಾಲ್ಲೂಕುಗಳಿಗೆ ಇಂಥ ಪದಗಳು ಹೊಸವಲ್ಲ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದ ಮೇಲೆ ಈ ಸೀಮೆ ಶಹಾಜಿಯ ಜಹಗೀರಾಯಿತು. ಮರಾಠಿ ಬರೆಯುವ ಗುಮಾಸ್ತರು ಬಂದರು. 1687ರ ನಂತರ ಮೊಗಲರ ಶಿರಾ ಸುಬಾ ಸ್ಥಾಪನೆಯಾದಾಗ ಅದರ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರವೂ ಒಂದು, ಹೊಸಕೋಟೆಯೂ ಒಂದು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಆಡಳಿತದಲ್ಲಿ ಕಚೇರಿಗಳಲ್ಲಿ ಪಾರಸಿಗೆ ಮೇಲುಗೈ ಇತ್ತು. ತಹಶೀಲ್ದಾರ, ಶಿರಸ್ತೇದಾರ, ಖಾತೆ, ಪಹಣಿ, ಜಮಾಬಂದಿ ಎಂದು ರೈತರು ಇಂದಿಗೂ ಆಡುವ ಮಾತುಗಳ ಜೊತೆಯಲ್ಲೇ ನೌಕರಿ ಕೊಡುವ ಮತ್ತು ಕಿತ್ತುಕೊಳ್ಳುವ ಮಾತುಗಳೂ ಬಂದವು. ಆ ಪದಗಳ ಹುಟ್ಟನ್ನು ಕೆದಕಿದರೆ ಇನ್ನಷ್ಟು ಸ್ವಾರಸ್ಯ ಸಿಗುತ್ತದೆ.

‘ಅಮಾನತು’ ಎಂದರೆ ನಂಬಿ ಒಪ್ಪಿಸಿಟ್ಟ ಒಡವೆ, ಅಡಕ. ನೌಕರನನ್ನು ಅಮಾನತ್ತಿನಲ್ಲಿಡುವುದು ಎಂದರೆ ಅವನನ್ನು ಒಂದು ಕಡೆ ಎತ್ತಿಟ್ಟು, ವಿಚಾರಣೆ ಮುಗಿದ ಮೇಲೆ ನೋಡೋಣ ಎನ್ನುವುದು. ಕಾನೂನೂ ಇದನ್ನೇ ಹೇಳುತ್ತದೆ: ಅಮಾನತು ಶಿಕ್ಷೆಯಲ್ಲ, ವಿಚಾರಣೆ ನಡೆಯುವವರೆಗೆ ದೂರವಿಡುವುದು. ಅದಕ್ಕಾಗಿಯೇ ಮೊದಲ 90 ದಿನ ಅರ್ಧ ವೇತನ, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ಆಮೇಲೆ ಮುಕ್ಕಾಲು ವೇತನ ಜೀವನಾಧಾರ ಭತ್ಯೆಯಾಗಿ ಸಲ್ಲಬೇಕು. ಪದ ಮತ್ತು ಅರ್ಥ ಇಷ್ಟು ಹದವಾಗಿ ಕೂಡಿಕೊಂಡ ಉದಾಹರಣೆ ಇಂಗ್ಲಿಷಿನಲ್ಲೂ ಸಿಗಲಾರದು. ‘ಬರಖಾಸ್ತು’ ಎಂದರೆ ಪಾರಸಿಯಲ್ಲಿ ‘ಎದ್ದದ್ದು’. ಹಿಂದಿಯಲ್ಲಿ ಅದು ನೌಕರಿಯಿಂದ ಕಿತ್ತುಹಾಕುವುದಕ್ಕೆ ನಿಂತಿದೆ. ಕನ್ನಡದಲ್ಲಿ ಮಾತ್ರ ಸಭೆ ಬರಖಾಸ್ತಾಗುತ್ತದೆ, ಮನುಷ್ಯನಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ‘ರಾಜೀನಾಮೆ’. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಒಪ್ಪಿಗೆ ಪತ್ರ! ಉತ್ತರ ಭಾರತದ ನ್ಯಾಯಾಲಯಗಳಲ್ಲಿ ಈ ಪದಕ್ಕೆ ಎರಡೂ ಕಕ್ಷಿಗಳ ನಡುವಿನ ರಾಜಿಪತ್ರ ಎಂಬ ಅರ್ಥ ಉಳಿದಿದೆ. ಕನ್ನಡದಲ್ಲಿ ಅದು ತಾನಾಗಿ ಕೆಲಸ ಬಿಡುವವನು ಬರೆದುಕೊಡುವ ಕಾಗದ. ಒಪ್ಪಿಗೆಯಿಲ್ಲದೆ ಬರೆಸಿಕೊಂಡ ರಾಜೀನಾಮೆ ಎಂಬುದು ಮಾತಿನ ಮಟ್ಟದಲ್ಲೇ ಸುಳ್ಳು. ಆದರೂ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಮಿಕರ ಕೈಯಿಂದ ಹೆಚ್ಚು ಹಣ ಜಾರಿಹೋಗುವುದು ಈ ಪದದಲ್ಲಿಯೇ. ಅದು ಹೇಗೆಂಬುದು ಮುಂದಿನ ಲೆಕ್ಕದಿಂದ ತಿಳಿಯುತ್ತದೆ.

ಒಂದೇ ಹೆಣ್ಣುಮಗಳು, ನಾಲ್ಕು ಮೊತ್ತ

ಹೊಲಿಗೆ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಬಿಡದೆ ದುಡಿದ ಒಬ್ಬ ಟೈಲರ್ ಇದ್ದಾಳೆ ಎಂದಿಟ್ಟುಕೊಳ್ಳೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ. ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡ ಸಂಖ್ಯೆ ಇದು. ಒಂದು ದಿನ ಆಕೆಯ ಕೆಲಸ ಹೋಗುತ್ತದೆ.

ಕಾಗದದಲ್ಲಿ ‘ರಿಟ್ರೆಂಚ್‌ಮೆಂಟ್’ ಎಂದಿದ್ದರೆ: ಒಂದು ತಿಂಗಳ ನೋಟೀಸು ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ 13,000 ಕೊಡಬೇಕು. ಪೂರೈಸಿದ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ವೇತನದಂತೆ ಪರಿಹಾರ. ತಿಂಗಳಿನ ಅರ್ಧ ಎಂದು ಹಿಡಿದರೆ 6,500. ಎಂಟು ವರ್ಷಕ್ಕೆ 52,000. ಇದರ ಜೊತೆಗೆ ಗ್ರಾಚ್ಯುಯಿಟಿ ಬೇರೆ. ಅದರ ಸೂತ್ರದಲ್ಲಿ ತಿಂಗಳಿಗೆ 26 ದಿನ. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಎಂಟು ವರ್ಷಕ್ಕೆ 60,000. ಒಟ್ಟು 1,25,000 ರೂಪಾಯಿ.

ಕಾಗದದಲ್ಲಿ ‘ರೆಸಿಗ್ನೇಷನ್’, ಅಂದರೆ ರಾಜೀನಾಮೆ ಎಂದಿದ್ದರೆ ಗ್ರಾಚ್ಯುಯಿಟಿ 60,000 ಮಾತ್ರ. ಉಳಿದ 65,000 ಇಲ್ಲ. ‘ಹೇಗಿದ್ರೂ ಕಳಿಸ್ತಾರೆ, ಸೈನ್ ಹಾಕಿದ್ರೆ ಪಿಎಫ್ ಬೇಗ ಬರುತ್ತೆ’ ಎಂಬ ಒಂದು ಮಾತಿಗೆ ತೆರುವ ಬೆಲೆ ಅಷ್ಟು. ಪಿಎಫ್ ಹಣ ಕಾರ್ಮಿಕರದ್ದೇ. ಯಾವ ಪದದಲ್ಲಿ ಕೆಲಸ ಹೋದರೂ ಅದು ಅವರಿಗೇ ಸೇರಬೇಕಾದದ್ದು ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ.

‘ಡಿಸ್‌ಮಿಸಲ್’ ಎಂದಿದ್ದರೆ ನೋಟೀಸು ಸಂಬಳವೂ ಇಲ್ಲ, ಪರಿಹಾರವೂ ಇಲ್ಲ. ಏಕೆಂದರೆ ಅದು ದುರ್ನಡತೆಗೆ ಕೊಡುವ ಶಿಕ್ಷೆ. ಆದರೆ ಅದಕ್ಕೆ ಮುನ್ನ ಆರೋಪಪಟ್ಟಿ ಕೊಟ್ಟು, ಉತ್ತರ ಕೇಳಿ, ವಿಚಾರಣೆ ನಡೆಸಬೇಕು. ವಜಾ ಆದ ಮಾತ್ರಕ್ಕೆ ಗ್ರಾಚ್ಯುಯಿಟಿ ತಾನಾಗಿ ಹೋಗುವುದೂ ಇಲ್ಲ. ಆಸ್ತಿಗೆ ನಷ್ಟವಾಗಿದ್ದರೆ ಆ ನಷ್ಟದಷ್ಟನ್ನು, ಹಿಂಸಾಚಾರ ಅಥವಾ ನೈತಿಕ ಅಧಃಪತನದ ಅಪರಾಧಗಳಲ್ಲಿ ಪೂರ್ತಿ ಅಥವಾ ಭಾಗಶಃ ತಡೆಹಿಡಿಯಬಹುದು, ಅಷ್ಟೆ. ‘ವಜಾ ಆದವರಿಗೆ ಏನೂ ಸಿಗೋಲ್ಲ’ ಎಂಬ ನಂಬಿಕೆ ಬಹಳ ಕಡೆ ಇದೆ. ಅದು ತಪ್ಪು.

ಇನ್ನು ‘ಲೇ ಆಫ್’ ಎಂದಿದ್ದರೆ ಆಕೆಯ ಕೆಲಸ ಹೋಗಿಯೇ ಇಲ್ಲ! ಹಾಜರಿ ಪುಸ್ತಕದಲ್ಲಿ ಹೆಸರು ಹಾಗೆಯೇ ಇರುತ್ತದೆ. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲು ಇಲ್ಲದ್ದಕ್ಕೋ, ಸರಕು ರಾಶಿ ಬಿದ್ದದ್ದಕ್ಕೋ, ಯಂತ್ರ ಕೆಟ್ಟದ್ದಕ್ಕೋ, ನೈಸರ್ಗಿಕ ವಿಕೋಪಕ್ಕೋ ಮಾಲೀಕರು ಸದ್ಯಕ್ಕೆ ಕೆಲಸ ಕೊಡಲಾರರು ಎಂದಷ್ಟೇ ಇದರ ಅರ್ಥ. 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳನ್ನು ಬಿಟ್ಟರೆ ಉಳಿದ ಕಡೆ, ಒಂದು ವರ್ಷ ಸೇವೆ ಪೂರೈಸಿದವರಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಲ್ಲಬೇಕು.

ಈ ನಾಲ್ಕೂ ಸಂದರ್ಭದಲ್ಲಿ ಆ ಹೆಣ್ಣುಮಗಳು ಮನೆಗೆ ಬಂದು ಅತ್ತೆಗೆ ಹೇಳುವ ಮಾತು ಒಂದೇ: ‘ಕೆಲಸದಿಂದ ತೆಗೆದ್ಬಿಟ್ರು ಕಣತ್ತೆ.’

ಕಡಿತ ಎಂದರೆ ಏನು ಕಡಿತ?

ಫ್ರೆಂಚಿನಲ್ಲಿ ‘ಕತ್ತರಿಸು’ ಎಂಬರ್ಥದ ಪದದಿಂದ ಬಂದದ್ದು ರಿಟ್ರೆಂಚ್‌ಮೆಂಟ್. ಯುದ್ಧದ ಕಂದಕಕ್ಕಿರುವ ಟ್ರೆಂಚ್ ಎಂಬ ಪದವೂ ಅದೇ ಬೇರಿನದು. ಮೊದಲು ಖರ್ಚು ಕಡಿಮೆ ಮಾಡುವುದಕ್ಕೆ ಬಳಕೆಯಾಗಿ, ಆಮೇಲೆ ಆಳುಗಳನ್ನು ಕಡಿಮೆ ಮಾಡುವುದಕ್ಕೆ ಬಂತು. ಕನ್ನಡದ ಪತ್ರಿಕೆಗಳು ‘ಉದ್ಯೋಗ ಕಡಿತ’ ಎಂದು ಬರೆಯುತ್ತವೆ. ಧಾತುವಿನ ಮಟ್ಟಿಗೆ ಇದು ಎಷ್ಟು ಸರಿಯಾದ ಅನುವಾದವೆಂದರೆ ಭಾಷಾಂತರಕಾರರು ಬೆನ್ನು ತಟ್ಟಿಕೊಳ್ಳಬಹುದು. ಆದರೆ ಕನ್ನಡದ ‘ಕಡಿತ’ಕ್ಕೆ ಬೇರೆ ಸಂಸಾರಗಳೂ ಇವೆ: ಹಾವಿನ ಕಡಿತ, ವಿದ್ಯುತ್ ಕಡಿತ, ವೇತನ ಕಡಿತ. (ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಹಳೆಯ ಲೆಕ್ಕದ ಪುಸ್ತಕಕ್ಕೂ ಕಡಿತ, ಕಡತ ಎಂಬ ಹೆಸರಿತ್ತು, ಇಂದಿನ ಕಚೇರಿ ಕಡತ ಅದರ ಮೊಮ್ಮಗ.) ‘ಉದ್ಯೋಗ ಕಡಿತ’ ಎಂದರೆ ಉದ್ಯೋಗಗಳ ಸಂಖ್ಯೆಯ ಕಡಿತವೇ, ಈ ಒಬ್ಬಳ ಉದ್ಯೋಗದ ಕಡಿತವೇ ಎಂಬುದು ಸ್ಪಷ್ಟವಾಗುವುದಿಲ್ಲ. ‘ನನ್ನನ್ನು ಕಡಿತ ಮಾಡಿದರು’ ಎಂದು ಯಾವ ಕನ್ನಡಿಗನೂ ಹೇಳಲಾರ. ಪತ್ರಿಕೆಯ ತಲೆಬರಹಕ್ಕೆ ಒಗ್ಗಿದ ಪದ ಮನುಷ್ಯನ ಬಾಯಿಗೆ ಒಗ್ಗಲಿಲ್ಲ.

ಇಂಗ್ಲಿಷಿನಲ್ಲೇ ಈ ಪದದ ಗಡಿ ಎಲ್ಲಿ ಎಂಬ ಬಗ್ಗೆ ದೊಡ್ಡ ಜಗ್ಗಾಟ ನಡೆದಿದೆ. ಹೆಚ್ಚುವರಿ ಆಳುಗಳನ್ನು ಕಳಿಸುವುದು ಮಾತ್ರ ರಿಟ್ರೆಂಚ್‌ಮೆಂಟ್ ಎಂಬುದು ಮಾಲೀಕರ ವಾದ. ಕಾಯಿದೆಯ ವ್ಯಾಖ್ಯೆಯಲ್ಲಾದರೋ, ಶಿಕ್ಷೆಯಾಗಿ ಅಲ್ಲದೆ ಬೇರೆ ಯಾವುದೇ ಕಾರಣಕ್ಕೆ ಸೇವೆ ಕೊನೆಗೊಳಿಸಿದರೂ ಅದೇ ಎಂಬ ಮಾತಿದೆ. 1976ರಲ್ಲಿ ಸ್ಟೇಟ್ ಬ್ಯಾಂಕಿನ ಸುಂದರ ಮಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನ ಮೂಲಕ, ‘ಯಾವುದೇ ಕಾರಣಕ್ಕೆ’ ಎಂದರೆ ಯಾವುದೇ ಕಾರಣಕ್ಕೆ ಎಂದೇ ಅರ್ಥ ಮಾಡಿತು. ಗೈರುಹಾಜರಾದರೆಂದು ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವುದೂ ಇದರೊಳಗೇ ಬರುತ್ತದೆಂದು 1982ರ ರಾಬರ್ಟ್ ಡಿಸೋಜ ಪ್ರಕರಣದಲ್ಲಿ ತೀರ್ಮಾನವಾಯಿತು. 1990ರಲ್ಲಿ ಸಂವಿಧಾನ ಪೀಠವೂ ಈ ವಿಶಾಲ ಅರ್ಥವನ್ನೇ ಎತ್ತಿಹಿಡಿಯಿತು. ಒಂದು ಪದದ ಅಗಲ ಅಳೆಯಲು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಇಷ್ಟು ವರ್ಷ ಹಿಡಿದಿರುವಾಗ, ಕಾರ್ಖಾನೆಯ ಟೈಪಿಸ್ಟ್ ಒಬ್ಬರು ಅರ್ಧ ಗಂಟೆಯಲ್ಲಿ ಅದಕ್ಕೆ ಕನ್ನಡ ಹುಡುಕಬೇಕೆಂದರೆ ಆಗುವ ಮಾತಲ್ಲ.

ಡಿಸ್ಚಾರ್ಜ್ ಎಂಬ ಪದದ ಪೇಚೇ ಬೇರೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದರೆ ಮನೆಯವರಿಗೆ ಸಂತೋಷ. ಬ್ಯಾಟರಿ ಡಿಸ್ಚಾರ್ಜ್ ಆದರೆ ಮತ್ತೆ ಚಾರ್ಜ್ ಮಾಡಬಹುದು. ಕಾರ್ಖಾನೆಯ ಡಿಸ್ಚಾರ್ಜ್ ಎಂದರೆ ತಪ್ಪು ಹೊರಿಸದೆ ಕಳಿಸುವುದು. ದೀರ್ಘ ಕಾಯಿಲೆಗೆ ಬಿದ್ದವರನ್ನು, ಪ್ರೊಬೇಷನ್‌ನಲ್ಲಿ ಇರುವವರನ್ನು ಕಳಿಸುವಾಗ ಈ ಪದ ಬರುತ್ತದೆ. ‘ಸೇವೆಯಿಂದ ಬಿಡುಗಡೆ’ ಎಂಬ ಕನ್ನಡ ರೂಪ ಸಮೀಪದ್ದು. ಆದರೆ ಬಿಡುಗಡೆ ಎಂದೊಡನೆ ಜೈಲೋ ಸ್ವಾತಂತ್ರ್ಯವೋ ನೆನಪಾಗುವುದು ಸಹಜ.

ಸರ್ಕಾರಿ ನೌಕರರ ವಿಷಯದಲ್ಲಿ ಕನ್ನಡ ಈ ತೊಡಕನ್ನು ಚೆನ್ನಾಗಿಯೇ ಬಿಡಿಸಿಕೊಂಡಿದೆ. ಸಂವಿಧಾನದ 311ನೇ ಅನುಚ್ಛೇದದಲ್ಲಿ ಡಿಸ್‌ಮಿಸಲ್ ಬೇರೆ, ರಿಮೂವಲ್ ಬೇರೆ. 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಲ್ಲೂ ಹಾಗೆಯೇ. ಸೇವೆಯಿಂದ ತೆಗೆದುಹಾಕಿದವರು ಮುಂದೆ ಸರ್ಕಾರಿ ನೌಕರಿಗೆ ಅರ್ಜಿ ಹಾಕಬಹುದು. ವಜಾ ಆದವರಿಗೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿರುತ್ತದೆ. ಯಾವ ಕಚೇರಿಯ ಗುಮಾಸ್ತರನ್ನು ಕೇಳಿದರೂ ‘ತೆಗೆದುಹಾಕುವುದು’ ಮತ್ತು ‘ವಜಾ’ ನಡುವಿನ ವ್ಯತ್ಯಾಸ ಬಾಯಿಪಾಠ. ಬಳಸುವವರು ಇದ್ದುದರಿಂದ, ಆದೇಶಗಳು ಕನ್ನಡದಲ್ಲೇ ಹೊರಟುದರಿಂದ ಪದಗಳಿಗೆ ಅರ್ಥ ಗಟ್ಟಿಯಾಗಿ ಕೂತಿತು. ಕಾರ್ಖಾನೆಯ ಕಾಗದ ಇಂಗ್ಲಿಷಿನಲ್ಲೇ ಉಳಿದುದರಿಂದ ಅಲ್ಲಿ ಆ ಹದ ಬರಲಿಲ್ಲ. ಮಾಲೀಕರೇ ಬಾಗಿಲು ಹಾಕುವ ಲಾಕೌಟಿಗೆ ‘ಬೀಗಮುದ್ರೆ’, ಹಟ ಎಂಬರ್ಥದ ಹಳೆಯ ಪದಕ್ಕೆ ಹೊಸ ಜೀವ ಕೊಟ್ಟು ಸ್ಟ್ರೈಕಿಗೆ ‘ಮುಷ್ಕರ’ ಎಂದು ಸೊಗಸಾಗಿ ಹೇಳಬಲ್ಲ ಭಾಷೆ ಇದು. ಅವು ನಿಂತದ್ದು ಸಂಘಗಳ ಕರಪತ್ರಗಳಲ್ಲಿ, ಗೋಡೆ ಬರಹಗಳಲ್ಲಿ ದಿನವೂ ಬಳಕೆಯಾದ್ದರಿಂದ.

ಟ್ಯೂರಿನ್ನಿನಲ್ಲೂ ಇದೇ ಜಗಳ

ಇಂಗ್ಲಿಷಿನ ಈ ಪದಗಳು ಕಾಡಿರುವುದು ಕನ್ನಡವನ್ನು ಮಾತ್ರವಲ್ಲ. ‘ಲೇ ಆಫ್’ ಎಂಬುದನ್ನು ಇಟಲಿಯ ಭಾಷೆಗೆ ತಿರುಗಿಸಲು ಕೂತವರೂ ಇದೇ ಕವಲುದಾರಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ಕೆಲಸದಿಂದ ಕಳಿಸುವುದಕ್ಕೆ ‘ಲಿಚೆಂತ್ಸಿಯಾರೆ’ ಎಂಬ ಪದವಿದೆ. ಇಂಗ್ಲಿಷಿನ ಲೈಸೆನ್ಸ್ ಎಂಬುದರ ದಾಯಾದಿ ಇದು. ಮೂಲದಲ್ಲಿ ‘ಹೊರಡಲು ಅಪ್ಪಣೆ ಕೊಡು’. ಮಾಧ್ಯಮಿಕ ಶಾಲೆ ಮುಗಿಸಿದ ಮಕ್ಕಳ ಪ್ರಮಾಣಪತ್ರಕ್ಕೂ ಜನ ಅದೇ ಬೇರಿನ ‘ಲಿಚೆಂತ್ಸಾ’ ಎಂಬ ಹೆಸರನ್ನೇ ಹೇಳುತ್ತಾರೆ! ಆದರೆ ತಾತ್ಕಾಲಿಕವಾಗಿ ಕೆಲಸವಿಲ್ಲದೆ ಕೂರಿಸುವುದಕ್ಕೆ ಬೇರೆಯೇ ಪದ: ‘ಕಾಸಾ ಇಂತೆಗ್ರಾತ್ಸಿಯೋನೆ’. ಇದು ಒಂದು ನಿಧಿಯ ಹೆಸರು. ಕೆಲಸ ನಿಂತ ದಿನಗಳಲ್ಲಿ ವೇತನದ ದೊಡ್ಡ ಪಾಲನ್ನು ತುಂಬಿಕೊಡುವ ನಿಧಿ. ನೌಕರಿಯ ಸಂಬಂಧ ಹರಿಯುವುದಿಲ್ಲ.

1980ರ ಸೆಪ್ಟೆಂಬರಿನಲ್ಲಿ ಟ್ಯೂರಿನ್ ನಗರದ ಫಿಯಟ್ ಕಂಪೆನಿ 14 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮೊದಲ ಪದದಡಿ ಕಳಿಸುವುದಾಗಿ ಪ್ರಕಟಿಸಿತು. ಕಾರ್ಖಾನೆಯ ಬಾಗಿಲುಗಳಲ್ಲಿ 35 ದಿನ ಹೋರಾಟ ನಡೆಯಿತು. ನಡುವೆ ಆ ದೇಶದ ಸರ್ಕಾರವೇ ಬಿದ್ದಿತು. ಕಂಪೆನಿ ಆ ಪದವನ್ನು ಹಿಂತೆಗೆದುಕೊಂಡು ಎರಡನೆಯ ಪದದಡಿ ಸುಮಾರು 23 ಸಾವಿರ ಮಂದಿಯನ್ನು ಮನೆಗೆ ಕಳಿಸಿತು. ಅವರಲ್ಲಿ ಬಹಳ ಮಂದಿ ಮತ್ತೆ ಆ ಬಾಗಿಲು ದಾಟಲಿಲ್ಲ. ಪದ ಮೃದುವಾಯಿತು, ಸಂಖ್ಯೆ ಹೆಚ್ಚಿತು.

ಇಂಥದೇ ಅನುಮಾನ ಕರ್ನಾಟಕದಲ್ಲೂ ಎದ್ದಿತ್ತು. ಕೋವಿಡ್ ವರ್ಷದ ಜೂನ್ ತಿಂಗಳಲ್ಲಿ, ಅಂದರೆ 2020ರಲ್ಲಿ, ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಲೇ ಆಫ್ ಘೋಷಣೆಯಾಯಿತು. ಹೆಚ್ಚಿನವರು ಹೆಣ್ಣುಮಕ್ಕಳು. ಕಾರ್ಖಾನೆಯಿಂದ ಯಂತ್ರಗಳನ್ನು ಸಾಗಿಸುವುದನ್ನು ಕಂಡು ಅವರು ಧರಣಿ ಕೂತರು. ಪದ ಲೇ ಆಫ್ ಆಗಿದ್ದರೆ ಯಂತ್ರ ಏಕೆ ಹೊರಡುತ್ತದೆ? ಹೊಲಿಗೆ ಯಂತ್ರವೇ ಹೋದ ಮೇಲೆ ‘ತಾತ್ಕಾಲಿಕ’ ಎಂಬುದಕ್ಕೆ ಏನು ಅರ್ಥ? ಇಂಗ್ಲಿಷ್ ಓದದವರೂ ಆ ಪದದ ಅರ್ಥವನ್ನು ಅದರ ಸುತ್ತ ನಡೆಯುತ್ತಿದ್ದುದರಿಂದ ಸರಿಯಾಗಿಯೇ ಓದಿದ್ದರು.

ಈಗ ಗೊಂದಲ ಇನ್ನಷ್ಟು ಹೆಚ್ಚಿರುವುದಕ್ಕೆ ಅಮೆರಿಕದ ಇಂಗ್ಲಿಷ್ ಕಾರಣ. ಅಲ್ಲಿ ಲೇ ಆಫ್ ಎಂದರೆ ಇಂದು ಶಾಶ್ವತವಾಗಿಯೇ ಕೆಲಸ ಹೋಗುವುದು. 2023ರ ಜನವರಿಯಲ್ಲಿ ಗೂಗಲ್ ಕಂಪೆನಿ ಜಗತ್ತಿನಾದ್ಯಂತ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಎಲ್ಲೆಡೆ ಹರಡಿದ್ದು ಈ ಪದವೇ. ಹೀಗಾಗಿ ಒಂದೇ ಮನೆಯಲ್ಲಿ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪೆನಿಯಲ್ಲಿರುವ ಅಣ್ಣನಿಗೆ ಲೇ ಆಫ್ ಎಂದರೆ ಬೇರೆ ಕೆಲಸ ಹುಡುಕಬೇಕು ಎಂದರ್ಥ. ಹೊಸಕೋಟೆಯ ಕಾರ್ಖಾನೆಯಲ್ಲಿರುವ ತಮ್ಮನಿಗೆ ಅರ್ಧ ಸಂಬಳ ಕೇಳಿ ಕಾಯಬೇಕು ಎಂದರ್ಥ. ಕನ್ನಡ ಪತ್ರಿಕೆಗಳು ಈ ಸುದ್ದಿಗಳಿಗೆ ‘ಸಾವಿರಾರು ನೌಕರರ ವಜಾ’ ಎಂಬ ತಲೆಬರಹ ಕೊಡುವುದು ಅಪರೂಪವಲ್ಲ. ತಪ್ಪೇ ಮಾಡದವರಿಗೆ ತಪ್ಪಿನ ಪದ ಅಂಟಿಸುವುದು ಸರಿಯಲ್ಲ. ಹೆಣ್ಣು ಕೊಡುವವರು, ಸಾಲ ಕೊಡುವ ಬ್ಯಾಂಕಿನವರು ಪತ್ರಿಕೆ ಓದುತ್ತಾರೆ.

ನೋಟೀಸು ಬೋರ್ಡಿನ ಕನ್ನಡ

ಕಾರ್ಮಿಕನಿಗೆ ಅರ್ಥವಾಗುವ ಭಾಷೆ ಬೇಕೆಂಬುದನ್ನು ಕಾನೂನು ಮರೆತಿತ್ತು ಎನ್ನುವಂತಿಲ್ಲ. 1946ರ ಕೈಗಾರಿಕಾ ಉದ್ಯೋಗ (ಸ್ಥಾಯೀ ಆದೇಶಗಳು) ಕಾಯಿದೆಯ 9ನೇ ಕಲಮು, ಕಾರ್ಖಾನೆಯ ಸೇವಾ ನಿಯಮಗಳನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿ ಬೋರ್ಡಿನಲ್ಲಿ ಹಾಕಬೇಕೆಂದು ಹೇಳಿತ್ತು. ಸ್ವಾತಂತ್ರ್ಯಕ್ಕೂ ಒಂದು ವರ್ಷ ಮುಂಚಿನ ಮಾತಿದು. ಹಾಗೆ ಕಾರ್ಖಾನೆಗಳ ಗೋಡೆ ಏರಿದ ಕನ್ನಡ ಓದುವಂತಿದ್ದರೆ ಅದು ಅದೃಷ್ಟ. ಎಷ್ಟೋ ಕಡೆ ಇಂಗ್ಲಿಷ್ ವಾಕ್ಯದ ಬೆನ್ನುಮೂಳೆಯ ಮೇಲೆ ಸಂಸ್ಕೃತ ಪದ ತೂಗುಹಾಕಿದ ಕನ್ನಡ. ಬರೆದವರೇ ಎರಡನೆಯ ಸಲ ಓದಿರಲಾರರು.

ಆದರೆ ಕಾರ್ಮಿಕನ ಕೈಗೆ ಕೊಡುವ ಕಾಗದದ ವಿಷಯವೇ ಬೇರೆ. ರಿಟ್ರೆಂಚ್‌ಮೆಂಟಿನ ನೋಟೀಸು ಲಿಖಿತವಾಗಿರಬೇಕು, ಕಾರಣ ಹೇಳಿರಬೇಕು ಎಂದ 1947ರ ಕಾಯಿದೆಯ 25ಎಫ್ ಕಲಮಿನಲ್ಲಿ ಅದು ಯಾವ ಭಾಷೆಯಲ್ಲಿರಬೇಕೆಂಬ ಮಾತೇ ಇರಲಿಲ್ಲ. ಗೋಡೆಗೆ ಕನ್ನಡ, ಕೈಗೆ ಇಂಗ್ಲಿಷ್!

ಈ ಎರಡೂ ಕಾಯಿದೆಗಳ ಸ್ಥಾನದಲ್ಲಿ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ಪದಗಳ ವ್ಯಾಖ್ಯೆ ಬಹುಮಟ್ಟಿಗೆ ಹಳೆಯದೇ. ಪರಿಹಾರದ 15 ದಿನದ ಲೆಕ್ಕವೂ ಹಳೆಯದೇ. ಕಳಿಸುವ ಮುನ್ನ ಸರ್ಕಾರದ ಅನುಮತಿ ಬೇಕಾಗುವುದು ಎಷ್ಟು ಕಾರ್ಮಿಕರಿರುವ ಕಾರ್ಖಾನೆಗೆ ಎಂಬ ಅಂಕೆ ಮಾತ್ರ ಲೋಲಕದಂತೆ ತೂಗಿದೆ: 1976ರಲ್ಲಿ 300, 1982ರ ತಿದ್ದುಪಡಿಯಲ್ಲಿ 100, ಈಗ ಮತ್ತೆ 300. ಸ್ಥಾಯೀ ಆದೇಶಗಳ ಕಡ್ಡಾಯವೂ ಈಗ 300 ಮಂದಿ ಇರುವ ಕಡೆಗೇ. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯ ಸಣ್ಣ ಘಟಕಗಳೆಷ್ಟೋ ಈ ಗೆರೆಯ ಕೆಳಗೆ ಬಿದ್ದವು. ಹೊಸದಾಗಿ ಸೇರಿದ ಒಂದು ಅನುಕೂಲವೂ ಇದೆ: ರಿಟ್ರೆಂಚ್ ಆದ ಪ್ರತಿ ಕಾರ್ಮಿಕರಿಗೂ ಮಾಲೀಕರು ಹದಿನೈದು ದಿನದ ವೇತನವನ್ನು ಮರುತರಬೇತಿ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಮೇಲಿನ ಲೆಕ್ಕದ ಹೆಣ್ಣುಮಗಳಿಗೆ ಇನ್ನೊಂದು 6,500 ರೂಪಾಯಿ ಎಂದಾಯಿತು. ಅದೂ ಕಾಗದದಲ್ಲಿ ಆ ಒಂದು ಪದವಿದ್ದರೆ ಮಾತ್ರ.

‘ನಿಗದಿತ ಅವಧಿಯ ನೌಕರಿ’ ಎಂಬ ಇನ್ನೊಂದು ಪದದ ಬಗ್ಗೆ ಎಚ್ಚರವಿರಬೇಕು. ಸೇರುವಾಗಲೇ ಇಷ್ಟು ತಿಂಗಳು ಎಂದು ಬರೆಸಿಕೊಂಡಿದ್ದರೆ ಅವಧಿ ಮುಗಿದಾಗ ಕೆಲಸ ಹೋಗುವುದು ರಿಟ್ರೆಂಚ್‌ಮೆಂಟ್ ಅಲ್ಲವೇ ಅಲ್ಲ. 1984ರ ತಿದ್ದುಪಡಿಯಿಂದಲೇ ಹೀಗಿದೆ. ಅಂದರೆ ಹೋಗುವ ದಿನದ ಪದವನ್ನು ಸೇರುವ ದಿನವೇ ಬರೆದಿರಲಾಗುತ್ತದೆ. ಸೇರುವ ಸಂಭ್ರಮದಲ್ಲಿ ಅದನ್ನು ಯಾರು ಓದುತ್ತಾರೆ?

ದೊಡ್ಡಬಳ್ಳಾಪುರದ ಮನೆಮನೆಗಳ ವಿದ್ಯುತ್ ಮಗ್ಗಗಳಲ್ಲಿ ದುಡಿಯುವವರಿಗಂತೂ ಈ ಪದಗಳಲ್ಲಿ ಒಂದೂ ಸೋಕುವುದಿಲ್ಲ. ಅಲ್ಲಿ ಕಾಗದವೇ ಇಲ್ಲ. ನೂಲಿನ ಬೆಲೆ ಏರಿತು, ಸೀರೆಗೆ ಗಿರಾಕಿ ಇಲ್ಲ, ಮಗ್ಗ ನಿಂತಿತು, ಅಷ್ಟೆ. ಇತ್ತ ಕಾರ್ಖಾನೆಗಳಲ್ಲಿ ಒಡಿಯಾ, ಬಂಗಾಳಿ, ಹಿಂದಿ ಆಡುವ ಯುವಕ ಯುವತಿಯರ ಸಂಖ್ಯೆ ಬೆಳೆದಿದೆ; ‘ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆ’ ಯಾವುದೆಂಬ ಪ್ರಶ್ನೆಯೇ ಕೆಲವು ಬಾಗಿಲುಗಳಲ್ಲಿ ಹೊಸದಾಗಿ ಎದ್ದಿದೆ.

ಪದಗಳನ್ನು ಹೊಸದಾಗಿ ಟಂಕಿಸಬೇಕಾದ ಅಗತ್ಯ ಕಾಣುವುದಿಲ್ಲ. ಶಿಕ್ಷೆಗೆ ವಜಾ ಇರಲಿ, ವಿಚಾರಣೆಗೆ ಮುಂಚೆ ಅಮಾನತು ಇರಲಿ. ಲೇ ಆಫ್‌ಗೆ ‘ಕೆಲಸವಿಲ್ಲದ ಬಿಡುವು, ಹೆಸರು ಹಾಜರಿಯಲ್ಲಿದೆ’ ಎಂದು ಬಿಡಿಸಿ ಬರೆದರೆ ಸಾಕು. ರಿಟ್ರೆಂಚ್‌ಮೆಂಟಿಗೆ ‘ತಪ್ಪಿಲ್ಲದೆ ಕೆಲಸ ಕಡಿತ, ಪರಿಹಾರ ಉಂಟು’ ಎಂದರೆ ಪದ ಉದ್ದವಾಯಿತೆಂದು ವ್ಯಾಕರಣಕಾರರು ಮುನಿಯಬಹುದು, ಕಾರ್ಮಿಕರು ಮುನಿಯಲಾರರು. ರೈತರಿಗೆ ಪಹಣಿಯ ಕಲಮುಗಳನ್ನು ಓದಿ ಹೇಳುವ ಊರಿನ ಮೇಷ್ಟರುಗಳು, ಅಂಗನವಾಡಿ ಕಾರ್ಯಕರ್ತೆಯರು ಕಾರ್ಖಾನೆಯ ಕಾಗದದಲ್ಲೂ ಆ ಒಂದು ಪದವನ್ನು ಗುರುತು ಹಿಡಿದು ಹೇಳಬಲ್ಲರು.

ಗುರುತು ಹಿಡಿಯಲು ಸಮಯವೂ ಮಿತವಾಗಿದೆ. ಕೆಲಸ ಹೋದ ಕಾರ್ಮಿಕ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಕರ್ನಾಟಕ 1988ರಲ್ಲಿ ಮಾಡಿಕೊಂಡಿದ್ದ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವು ಇತ್ತು; ಹೊಸ ಸಂಹಿತೆಯಲ್ಲಿ ಅದು ಎರಡು ವರ್ಷ. ಇನ್ನೊಂದು ಗಡುವು ಅದಕ್ಕಿಂತ ಚಿಕ್ಕದು. ರಿಟ್ರೆಂಚ್‌ಮೆಂಟ್ ಆದ ಒಂದು ವರ್ಷದೊಳಗೆ ಅದೇ ಕಾರ್ಖಾನೆ ಮತ್ತೆ ಆಳು ತೆಗೆದುಕೊಂಡರೆ ಕಳಿಸಿದವರನ್ನು ಮೊದಲು ಕರೆಯಬೇಕು, ಹೊಸಬರಿಗಿಂತ ಅವರಿಗೇ ಆದ್ಯತೆ. ಹಬ್ಬದ ಆರ್ಡರ್ ಬಂದು ಗೇಟಿನ ಮುಂದೆ ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ಮತ್ತೆ ತೂಗುವ ದಿನ ಆ ಹೆಣ್ಣುಮಗಳು ಹೋಗಿ ‘ನಮ್ಮನ್ನ ಮೊದಲು ಕರೀಬೇಕಲ್ವಾ ಸಾರ್?’ ಎಂದು ಕೇಳಬಹುದು. ಹಾಗೆ ಕೇಳಲು ಅವಳ ಕಾಗದದಲ್ಲಿ ‘ರಾಜೀನಾಮೆ’ ಎಂದಿರಬಾರದು.